ಪಹಣಿಯಲ್ಲಿ ಬರೆಯದ ಋಣ

ಕಲಬುರಗಿಯಲ್ಲಿ ಆಟೋದವನಿಗೆ ‘ಎಂ.ಎಸ್.ಕೆ. ಮಿಲ್’ ಅಂದರೆ ಸಾಕು, ಅವನು ನಿಮ್ಮನ್ನು ಒಂದು ಬಡಾವಣೆಗೆ ಒಯ್ದು ಇಳಿಸುತ್ತಾನೆ. ಗಿರಣಿ ಹೋಗ್ಯಾದ, ಹೆಸರು ಉಳಿದದ. ಬಹಮನಿ ಕೋಟೆಯ ತೋಪಿನ ಉದ್ದ ಎಷ್ಟು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ನಾವು, ಈ ಹೆಸರಿನ ಹಿಂದೆ ಬೆವರು ಸುರಿಸಿದ ಮಂದಿ ಯಾರು ಅಂತ ಒಂದು ದಿನವೂ ಪಾಠ ಮಾಡಿಲ್ಲ.

ಮಹಬೂಬ್ ಶಾಹಿ ಕುಲ್ಬರ್ಗಾ ಮಿಲ್ಸ್ ಹುಟ್ಟಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಲ್ಲಿ. ಹತ್ತಿ ಬಿಡಿಸಿದವರು ಹೊಲದ ಕೂಲಿಗಳು, ನೂಲು ತೆಗೆದವರು ಗಿರಣಿಯ ಕೂಲಿಗಳು. ಹೆಸರು ಮಾತ್ರ ಆರನೇ ನಿಜಾಮ ಮಹಬೂಬ್ ಅಲಿ ಖಾನನದು. 1974ರಲ್ಲಿ ಸಂಸತ್ತು ಕಾನೂನು ಮಾಡಿ ದೇಶದ 103 ರೋಗಗ್ರಸ್ತ ಜವಳಿ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಕಲಬುರಗಿಯ ಗಿರಣಿಯೂ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿತು. ಆ ಕೈಯಲ್ಲೂ ಅದು ಉಳಿಯಲಿಲ್ಲ. ಗಿರಣಿ ಮುಚ್ಚಿದ ಮೇಲೆ ಊರಿನ ಕಣ್ಣು ಬಿದ್ದದ್ದು ನೆಲದ ಮೇಲೆ. ನೂಲಿನ ಲೆಕ್ಕ ಮುಗಿದು ಚದರಡಿಯ ಲೆಕ್ಕ ಶುರುವಾಯಿತು.

ಆ ನೆಲದ ಗುಣದ ಬಗ್ಗೆ ಯಾರಾದರೂ ಕೇಳಿದರೇನು? ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಕಮಲಾಪುರ ಸಿಗುತ್ತದೆ. ಅಲ್ಲಿಯ ಕೆಂಪು ಬಾಳೆಗೆ ಸರ್ಕಾರವೇ ಭೌಗೋಳಿಕ ಗುರುತು ಕೊಟ್ಟಿದೆ. ಅಂದರೆ ಒಂದು ಊರಿನ ಮಣ್ಣು, ನೀರಿಗೆ ಅದರದೇ ಗುಣ ಉಂಟು, ಅದು ಹಣ್ಣಿಗೂ ಇಳಿಯುತ್ತದೆ ಅಂತ ಕಾನೂನು ಒಪ್ಪಿದ ಹಾಗಾಯಿತು. ಮಣ್ಣಿನ ಒಳ್ಳೇ ಗುಣ ಹಣ್ಣಿಗೆ ಇಳಿಯುವುದಾದರೆ, ಅದರೊಳಗಿನ ವಿಷ ಅಲ್ಲಿ ವಾಸ ಮಾಡುವವರ ಮೈಗೆ ಇಳಿಯುವುದಿಲ್ಲವೇ? ಯಾವ ಹಳೇ ಬಟ್ಟೆ ಗಿರಣಿಯ ಅಂಗಳವಾದರೂ ಸರಿ, ಮೊದಲು ಪರೀಕ್ಷೆ ಮಾಡಬೇಕಾದದ್ದು ಬಾಯ್ಲರಿನ ಬೂದಿ, ಯಂತ್ರದ ಎಣ್ಣೆ, ಬಣ್ಣದ ರಾಸಾಯನಿಕ, ಕಲ್ನಾರಿನ ತಗಡಿನ ಪುಡಿ. ನಮ್ಮ ಪಹಣಿಯಲ್ಲಿ ಋಣದ ಕಾಲಂ ಇದೆ. ಅಲ್ಲಿ ಬ್ಯಾಂಕಿನ ಸಾಲ ಬರೆಯುತ್ತಾರೆ. ನೆಲ ಹೊತ್ತ ವಿಷ ಬರೆಯುವ ಕಾಲಂ ಇಲ್ಲ.

ಬರೆಯದ ಈ ಋಣ ಎಷ್ಟು ದೊಡ್ಡದಾಗಬಹುದು ಅಂತ ತಿಳಿಯಲು ಕೋಲಾರದ ಚಿನ್ನದ ಗಣಿ ನೋಡಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು. 1956ರಲ್ಲಿ ರಾಷ್ಟ್ರೀಕರಣವಾಯಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ನೆಲದೊಳಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. 1947ರಲ್ಲಿ ಪ್ರಕಟವಾದ ವೈದ್ಯರ ಅಧ್ಯಯನವೊಂದು 7,653 ಕಾರ್ಮಿಕರನ್ನು ಪರೀಕ್ಷಿಸಿ, ನೂರಕ್ಕೆ 43.7 ಮಂದಿಗೆ ಸಿಲಿಕೋಸಿಸ್ ಇದೆ ಅಂತ ಹೇಳಿತು. ಕಲ್ಲಿನ ಧೂಳು ಎದೆಗೂಡಿನಲ್ಲಿ ಕೂತು ಉಸಿರು ಕಟ್ಟಿಸುವ ರೋಗ ಅದು. ಅದಿರನ್ನು ಪುಡಿ ಮಾಡಿ, ಸೈನೈಡಿನಲ್ಲಿ ಕರಗಿಸಿ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಕಾರ್ಮಿಕರ ಲೈನ್ ಮನೆಗಳ ಪಕ್ಕದಲ್ಲೇ ಸುರಿದರು. ಹೀಗೆ 13 ದಿಬ್ಬಗಳಾದವು, ಸುಮಾರು 3 ಕೋಟಿ 30 ಲಕ್ಷ ಟನ್. ಗಾಳಿ ಬೀಸಿದರೆ ಆ ಧೂಳು ಮನೆಗಳ ಮೇಲೆ ಹಾರುತ್ತದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ, ಒಂದು ಸಾವಿರ ಎಕರೆಗೂ ಮಿಕ್ಕಿ ಹರಡಿದ ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ದಿಬ್ಬದಲ್ಲಿ ಉಳಿದ ಚಿನ್ನದ ಲೆಕ್ಕ ಗ್ರಾಂನಲ್ಲಿ ಸಿಗುತ್ತದೆ. ಎದೆಯಲ್ಲಿ ಉಳಿದ ಧೂಳಿನ ಲೆಕ್ಕ ಇಡುವವರು ಯಾರು?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ನಿಯಮ ಹೊರಡಿಸಿತು. ಅದರ ಪ್ರಕಾರ ಸಂಶಯವಿರುವ ಜಾಗಗಳ ವರದಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ತಜ್ಞ ಸಂಸ್ಥೆಗಳು ಪರೀಕ್ಷಿಸಬೇಕು, ಹೊಲಸು ಮಾಡಿದವರು ಸ್ವಚ್ಛ ಮಾಡುವ ಖರ್ಚು ಹೊರಬೇಕು. ಒಳ್ಳೆಯದೇ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಇದೇ ನಿಯಮ ಹೊರಗಿಟ್ಟಿದೆ. ಊರ ಹೊರಗೆ ಇರಿಸಿಕೊಂಡು ಬಂದ ಮಂದಿಗೆ ಈ ‘ಹೊರಗೆ’ ಅನ್ನೋ ಶಬ್ದ ಹೊಸದೇನಲ್ಲ.

ಹಾಗಂತ ಗಿರಣಿಯ ನೆಲ ಯಾವಾಗಲೂ ದುಡ್ಡಿದ್ದವರ ಪಾಲೇ ಆಗಬೇಕಿಲ್ಲ. ಮುಂಬಯಿಯ ಇಂದು ಮಿಲ್ಲೂ ಇದೇ ರಾಷ್ಟ್ರೀಯ ಜವಳಿ ನಿಗಮದ್ದು. ಬಾಬಾಸಾಹೇಬರ ಚೈತ್ಯಭೂಮಿಯ ಸಮೀಪದ ಸುಮಾರು 12 ಎಕರೆ. 2011ರ ಡಿಸೆಂಬರ್ 6ರಂದು ದಲಿತ ಕಾರ್ಯಕರ್ತರು ಆ ಅಂಗಳದೊಳಗೆ ನುಗ್ಗಿ ಕೂತರು. ಅಷ್ಟೂ ನೆಲ ಸ್ಮಾರಕಕ್ಕೆ ಬೇಕು ಅಂದರು. 2015ರಲ್ಲಿ ಅಂಬೇಡ್ಕರ್ ಸ್ಮಾರಕಕ್ಕೆ ಅಲ್ಲಿ ಅಡಿಗಲ್ಲು ಬಿತ್ತು. ಕೇಳಿದ್ದರಿಂದ, ಗಟ್ಟಿಯಾಗಿ ಕೇಳಿದ್ದರಿಂದ, ಆ ನೆಲ ಬಂತು.

ನಮ್ಮ ಕಡೆಯೂ ನಗರ ಬೆಳೆಯುತ್ತಿದೆ. ಮುಚ್ಚಿದ ಕಾರ್ಖಾನೆಯ ನೆಲ ಯಾವ ಪ್ರಾಧಿಕಾರದ ಕೈಗೆ ಬಂದರೂ ಅಲ್ಲಿ ಮೊದಲ ಗುದ್ದಲಿ ಹಾಕುವವರು ಗುತ್ತೇದಾರನ ಕೂಲಿಗಳು, ಕೈಗವಸು, ಬೂಟು ಇಲ್ಲದ ನಮ್ಮವರೇ. ಅವರ ಕೂಸುಗಳು ಆಡುವುದು ಅದೇ ಮಣ್ಣಿನ ಗುಡ್ಡೆಯ ಮೇಲೆ. ಅದಕ್ಕೇ ನಾವು ಕೇಳಬೇಕಾದದ್ದು ಇಷ್ಟು: ಗುದ್ದಲಿ ಬೀಳುವ ಮೊದಲು ಮಣ್ಣು, ನೀರಿನ ಪರೀಕ್ಷೆ ಆಗಲಿ, ಅದರ ವರದಿ ಕನ್ನಡದಲ್ಲಿ ವಾರ್ಡಿನ ಗೋಡೆಗೆ ಹಚ್ಚಲಿ, ಅಲ್ಲಿ ದುಡಿದವರ ಮನೆತನಗಳಿಗೆ ಆ ನೆಲದಲ್ಲಿ ಪಾಲು ಸಿಗಲಿ.

ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಗಿರಣಿಯಲ್ಲಿ ದುಡಿದ ಮುದುಕರು ನಿಮ್ಮ ಓಣಿಯಲ್ಲಿದ್ದರೆ ಈ ವಾರವೇ ಹೋಗಿ ಕೂಡ್ರಿ. ಬಣ್ಣದ ನೀರು ಎಲ್ಲಿ ಹರೀತಿತ್ತು, ಬೂದಿ ಎಲ್ಲಿ ಸುರೀತಿದ್ದರು, ಯಾರ ಕೆಮ್ಮು ಕೊನೆತನಕ ನಿಲ್ಲಲಿಲ್ಲ ಅಂತ ಕೇಳಿ ಬರಕೊಳ್ರಿ. ಜಿಲ್ಲಾಧಿಕಾರಿಯ ಕಚೇರಿಗೆ ಕೊಡುವ ಅರ್ಜಿಯ ಜೊತೆ ಆ ಹಾಳೆಯನ್ನೂ ಲಗತ್ತಿಸೋಣ.