ಮಡಚುವ ಛಾವಣಿಯ ಕಥೆ: ಚರ್ಮದ ಬಳೆಯಿಂದ ವುಡ್‌ವರ್ಡ್ ರಸ್ತೆಯವರೆಗೆ

ಡೆಟ್ರಾಯಿಟ್ ಸೀಮೆಯ ಕನ್ನಡಿಗರಿಗೆ ಆಗಸ್ಟ್ ತಿಂಗಳ ಮೂರನೆಯ ಶನಿವಾರದ ಪರಿಚಯ ಬೇಕಿಲ್ಲ. 1995ರಲ್ಲಿ ಆರಂಭವಾದ ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಯನ್ನು ಕಾಣಲು, ನಮ್ಮೂರ ತೇರಿಗೆ ಕಾಯುವಂತೆಯೇ ಜನ ಬೆಳಗಿನಿಂದ ರಸ್ತೆಯ ಇಕ್ಕೆಲಗಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ನಮ್ಮ ಕೂಟದ ಹಿರಿಯರೊಬ್ಬರು, ಇಲ್ಲಿನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತರಾದವರು, 1950ರ ದಶಕದ ಆರಂಭದ ಒಂದು ಕನ್ವರ್ಟಿಬಲ್ ಕಾರನ್ನು ಮೂವತ್ತು ವರ್ಷಗಳಿಂದ ಜೋಪಾನವಾಗಿಟ್ಟುಕೊಂಡಿದ್ದಾರೆ. ಕಳೆದ ಚಳಿಗಾಲದಲ್ಲಿ ಅವರ ಹೃದಯ ಬಹಳ ದುರ್ಬಲವಾಯಿತು. ಛಾವಣಿ ತೆರೆದ ಆ ಕಾರಿನಲ್ಲಿ ಇನ್ನೊಮ್ಮೆ ವುಡ್‌ವರ್ಡ್ ರಸ್ತೆಯಲ್ಲಿ ಸಾಗಬೇಕೆಂಬುದು ಅವರ ಆಸೆ. ಛಾವಣಿಯಾದರೋ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು; ಎಡಬದಿ ಬಲಬದಿಗಿಂತ ಹಿಂದುಳಿಯುತ್ತಿತ್ತು. ಗುಂಡಿ ಒತ್ತಿದರೆ ಮೋಟಾರು ಗುಂಯ್ಗುಡುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ದುರಸ್ತಿಗೆ ನಾವು ಒಪ್ಪಿಕೊಂಡೆವು. ವೃತ್ತಿಯಿಂದ ವೈದ್ಯರಾದ ನಮಗೆ ಪಂಪು, ನಾಳ, ಒತ್ತಡ ಎಂಬ ಪದಗಳು ಅಪರಿಚಿತವಲ್ಲವೆಂಬ ಧೈರ್ಯವೇ ಅದಕ್ಕೆ ಕಾರಣ. ದುರಸ್ತಿಗೆಂದು ಓದತೊಡಗಿದ್ದು ಕ್ರಮೇಣ ನಮ್ಮನ್ನು ಇತಿಹಾಸಕ್ಕೆ ಎಳೆದೊಯ್ದಿತು.

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ವಿವರಿಸಿದನು. ಆ ತತ್ತ್ವವನ್ನು ಯಂತ್ರವಾಗಿಸಿ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅವನಿಗೆ ಎದುರಾದ ದೊಡ್ಡ ತೊಡಕು ಸೋರಿಕೆ. ಪಿಸ್ಟನ್ನಿನ ಸುತ್ತ ಬಿಗಿಯಾಗಿ ಸುತ್ತಿದರೆ ಪಿಸ್ಟನ್ ಚಲಿಸದು. ಸಡಿಲಿಸಿದರೆ ನೀರು ಹೊರನುಗ್ಗುವುದು. ಇದಕ್ಕೆ ಪರಿಹಾರ ಕಂಡವನು ಅವನ ಕಾರ್ಯಾಗಾರದ ಕುಶಲಕರ್ಮಿ ಹೆನ್ರಿ ಮಾಡ್ಸ್ಲಿ ಎಂದು ಹೇಳಲಾಗುತ್ತದೆ. ಬಟ್ಟಲಿನ ಅಂಚಿನಂತೆ ಬಾಗಿಸಿದ ಚರ್ಮದ ಬಳೆಯೊಂದನ್ನು ಅಳವಡಿಸಿದಾಗ, ಒಳಗಿನ ನೀರಿನ ಒತ್ತಡವೇ ಆ ಬಳೆಯನ್ನು ಅಗಲಿಸಿ ಸಂದನ್ನು ಮುಚ್ಚುವಂತಾಯಿತು. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಇಂದು ಚರ್ಮದ ಸ್ಥಾನಕ್ಕೆ ರಬ್ಬರ್ ಬಂದಿದೆ, ಉಪಾಯ ಅದೇ. ಈ ಪುಟ್ಟ ಬಳೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ.

ಕಾರಿಗೆ ಮಡಚುವ ಛಾವಣಿ ಕುದುರೆಗಾಡಿಯಿಂದ ಬಂದ ಬಳುವಳಿ. ಬಹುಕಾಲ ಅದನ್ನು ಕೈಯಿಂದಲೇ ಎತ್ತಿ ಇಳಿಸಬೇಕಿತ್ತು. ಮಳೆ ಶುರುವಾದ ಮೇಲೆ ಆ ಕೆಲಸಕ್ಕಿಳಿದವನ ಪಾಡನ್ನು ಊಹಿಸಬಹುದು. 1930ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಪೋಲಾನ್ ಎಂಬುವನು ಲೋಹದ ಗಟ್ಟಿ ಛಾವಣಿಯೇ ಡಿಕ್ಕಿಯೊಳಗೆ ಸರಿಯುವ ವಿನ್ಯಾಸವನ್ನು ರೂಪಿಸಿದನು. 1935ರ ಪ್ಯೂಜೋ 402 ಎಕ್ಲಿಪ್ಸ್ ಅದರಿಂದಲೇ ಹೆಸರಾಯಿತು. ಈತ ಮೂಲತಃ ದಂತವೈದ್ಯ! ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತವಾಗಿ ದುಡಿದ ಕಾರಣಕ್ಕೆ 1942ರಲ್ಲಿ ಅವನನ್ನು ಗುಂಡಿಟ್ಟು ಕೊಂದರು. ವೈದ್ಯರಿಗೆ ಗ್ಯಾರೇಜಿನಲ್ಲಿ ಏನು ಕೆಲಸವೆಂದು ಮನೆಯಲ್ಲಿ ಕೇಳಿದಾಗಲೆಲ್ಲ ನಾವು ಈತನ ಹೆಸರನ್ನು ಮುಂದಿಟ್ಟಿದ್ದೇವೆ.

ಅಮೆರಿಕದಲ್ಲಿ 1939ರ ಪ್ಲಿಮತ್ ಕಾರು ಇಂಜಿನ್ನಿನ ನಿರ್ವಾತ ಬಲದಿಂದ ಛಾವಣಿಯನ್ನು ಎತ್ತಿತು. ಯುದ್ಧಾನಂತರ ಜನರಲ್ ಮೋಟಾರ್ಸ್ ಇನ್ನೂ ಮುಂದೆ ಹೋಗಿ, ಒಂದೇ ವಿದ್ಯುತ್ ಪಂಪಿನಿಂದ ಛಾವಣಿ, ಕಿಟಕಿ, ಮುಂದಿನ ಸೀಟು ಮೂರನ್ನೂ ನಡೆಸುವ ವ್ಯವಸ್ಥೆಯನ್ನು ತಂದಿತು. ಇಡೀ ಊರಿಗೆ ಒಂದೇ ಬಾವಿ ಎಂಬಂತೆ. ನಾಳಗಳಲ್ಲಿ ಹರಿಯುತ್ತಿದ್ದುದು ಬ್ರೇಕ್ ಆಯಿಲ್. ಅದು ಬಣ್ಣವನ್ನು ಕಿತ್ತುಹಾಕುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಬಾಗಿಲಿನೊಳಗೆ ಒಂದು ಸೀಲು ಹೋದರೂ ಕಾರಿನ ಅಂದವೇ ಹೋದಂತೆ. 1950ರ ದಶಕದಲ್ಲಿ ಕಿಟಕಿಗಳು ವಿದ್ಯುತ್ ಮೋಟಾರುಗಳಿಗೆ ಬದಲಾದವು. ಭಾರವಾದ ಛಾವಣಿ ಮಾತ್ರ ಎಣ್ಣೆಯನ್ನು ಬಿಡಲಿಲ್ಲ.

ಎಣ್ಣೆಯೇ ಬೇಡವೆಂದು ಹೊರಟ ಪ್ರಯೋಗವೂ ಉಂಟು. 1957ರ ಫೋರ್ಡ್ ಸ್ಕೈಲೈನರ್ ಏಳು ವಿದ್ಯುತ್ ಮೋಟಾರುಗಳು ಮತ್ತು 600 ಅಡಿಗೂ ಮಿಕ್ಕಿದ ತಂತಿಯ ಬಲದಿಂದ ತನ್ನ ಉಕ್ಕಿನ ಛಾವಣಿಯನ್ನು ಡಿಕ್ಕಿಗೆ ಸೇರಿಸುತ್ತಿತ್ತು. ಮೂರು ವರ್ಷಗಳಲ್ಲಿ 48,394 ಕಾರುಗಳಾದ ಮೇಲೆ ಅದು ನಿಂತುಹೋಯಿತು. 1976ರ ಹೊತ್ತಿಗೆ ಕ್ಯಾಡಿಲ್ಯಾಕ್ ಎಲ್ಡೊರಾಡೊ ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದೇ ಪ್ರಚಾರವಾಗಿ, ಜನ ಮುಗಿಬಿದ್ದು ಕೊಂಡರು. 1982ರಲ್ಲಿ ಕ್ರೈಸ್ಲರ್ ಮತ್ತೆ ಕನ್ವರ್ಟಿಬಲ್ ತಂದಾಗ ಅವರ ಮುಖಗಳು ಹೇಗಿದ್ದವೋ!

ಇನ್ನು ನಮ್ಮ ರೋಗಿಯ ವಿಷಯ. ಮೋಟಾರು ತಿರುಗುತ್ತಿದೆ, ಹಾಗಾದರೆ ಫ್ಯೂಸು, ಸ್ವಿಚ್ಚು, ತಂತಿ ಸರಿ ಇವೆ. ಬಲ ಸಾಲದು, ಹಾಗಾದರೆ ಪಂಪು ದುರ್ಬಲ. ಹೃದಯವನ್ನೇ ಮೊದಲು ಶಂಕಿಸುವ ಅಭ್ಯಾಸ ನಮ್ಮದು. ಹಿಂದಿನ ಸೀಟು ಕಳಚಿ, ಹೊಸ ಪಂಪು ತರಿಸಿ ಕೂರಿಸಿದೆವು. ಹಳೆಯ ತೊಟ್ಟಿಯಲ್ಲಿ ಕೆಂಪು ಎಣ್ಣೆ ಇದ್ದುದರಿಂದ ಹೊಸದಕ್ಕೂ ಅದೇ ಕೆಂಪು ಟ್ರಾನ್ಸ್‌ಮಿಷನ್ ಆಯಿಲ್ ತುಂಬಿದೆವು. ಛಾವಣಿ ಮತ್ತೆ ಅರ್ಧಕ್ಕೇ ನಿಂತಿತು. ಎಡಬದಿ ಹಿಂದುಳಿಯುತ್ತಿದ್ದುದನ್ನು ನಾವು ಗಮನಿಸಿದ್ದೆವು, ಅದರ ಅರ್ಥವನ್ನು ಮಾತ್ರ ಯೋಚಿಸಿರಲಿಲ್ಲ: ಎರಡೂ ಸಿಲಿಂಡರುಗಳಿಗೆ ಪಂಪು ಒಂದೇ, ಒಂದು ಬದಿ ಮಾತ್ರ ಸೋತರೆ ತಪ್ಪು ಪಂಪಿನಲ್ಲಿರಲಾರದು.

ಗ್ಯಾರೇಜಿನ ಬಾಗಿಲಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರು ಕೇಳಿದರು: “ಡಾಕ್ಟ್ರೇ, ಎಣ್ಣೆ ಯಾವ ಬಣ್ಣ?”

“ಕೆಂಪು, ಸರ್.”

ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. “ಇದಕ್ಕೆ ಬ್ರೇಕ್ ಆಯಿಲ್ ಹಾಕಬೇಕು. ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಆಗಲೇ ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ, ಡಬ್ಬಿ ಓದಲಿಲ್ಲ ಅನ್ಸತ್ತೆ.”

ಬ್ರೇಕ್ ಆಯಿಲಿಗೆಂದು ಮಾಡಿದ ರಬ್ಬರು ಖನಿಜ ತೈಲ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಬೇರೆ ಗುಂಪಿನ ರಕ್ತ ಕೊಟ್ಟಂತೆ! ಎಡಗಡೆಯ ಸಿಲಿಂಡರನ್ನು ಬಿಚ್ಚಿದಾಗ ಪಿಸ್ಟನ್ನಿನ ಸೀಲು ಉಗುರಿನಿಂದ ಮುಟ್ಟಿದರೆ ಹರಿಯುವಂತಿತ್ತು. ಮಾಡ್ಸ್ಲಿಯ ಆ ಬಳೆಯೇ ಸೋತಿತ್ತು. ಹಳೆಯ ಎಣ್ಣೆಯ ಬಣ್ಣವನ್ನು ಕಣ್ಮುಚ್ಚಿ ನಂಬಿದ ನಾವೂ ಅದೇ ತಪ್ಪು ಮಾಡಿದ್ದರಿಂದ ಹೊಸ ಪಂಪನ್ನೂ ಬಿಚ್ಚಿ, ತೊಳೆದು, ಸೀಲು ಬದಲಿಸಬೇಕಾಯಿತು. ಎರಡು ಸಿಲಿಂಡರುಗಳು, ಎಲ್ಲ ನಾಳಗಳು ಹೊಸವು. ಬಳಿಕ ಬ್ರೇಕ್ ಆಯಿಲ್ ತುಂಬಿ, ಒಳಗಿನ ಗಾಳಿಯೆಲ್ಲ ಹೊರಹೋಗುವವರೆಗೆ ಛಾವಣಿಯನ್ನು ಹಲವು ಬಾರಿ ಏರಿಸಿ ಇಳಿಸಿದೆವು. ಈ ಕೆಲಸಕ್ಕೆ ಕೈಹಾಕುವವರು ಛಾವಣಿಯ ಚೌಕಟ್ಟಿಗೆ ಮರದ ಆಧಾರ ಕೊಡದೆ ಅದರ ಕೆಳಗೆ ತಲೆ ತೂರಿಸಬಾರದು.

ಮೆರವಣಿಗೆಯ ದಿನ ಗುಂಡಿಯನ್ನು ಒತ್ತಿದವರು ಹಿರಿಯರೇ. ಎರಡೂ ಬದಿಗಳು ಸಮನಾಗಿ ಎದ್ದು, ಹಿಂದಕ್ಕೆ ಮಡಚಿಕೊಂಡವು. ಅವರ ಮುಖದ ಮೇಲೆ ಬಿಸಿಲು ಬಿತ್ತು. ಹೊರಡುವ ಮುನ್ನ ನಾವು ಹಿಂದಿನ ಸೀಟಿನ ಕೆಳಗೆ ಕೈ ತೂರಿಸಿ ಕಾರ್ಪೆಟ್ಟನ್ನು ತಡವಿ ನೋಡಿದೆವು, ಒಣಗಿತ್ತು.