ಹೂಗ್ಲಿಯ ಆಚೆ ದಡದ ಎರೆಹುಳು

ಖಿದಿರ್‌ಪುರಕ್ಕೆ ಬಂದ ಹೊಸದರಲ್ಲಿ ಬಂಗಾಳಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಒಂದು ದಿನ ಗಿಡ ಮಾರುವವನ ತಳ್ಳುಗಾಡಿಯ ಮೇಲೆ, ಚೀಲಕ್ಕೆ ಚುಚ್ಚಿದ ರಟ್ಟಿನಲ್ಲಿ ‘ಕೇಂಚೋ ಸಾರ’ ಎಂದಿತ್ತು. ಕೇಂಚೋ ಎಂದರೆ ಎರೆಹುಳು ಎಂದು ಗೊತ್ತಿತ್ತು. ಮುಂದಿನ ಪದ ಓದಿ ಒಂದು ಕ್ಷಣ ಹೊಟ್ಟೆ ತೊಳಸಿತು. ನಮ್ಮ ಕಿವಿಗೆ ಸಾರು ಅಂದರೆ ಸಾರೇ ಅಲ್ಲವೇ? ಬಂಗಾಳಿಗಳು ಬರೆಯುವುದು ಸಾರ, ಬಾಯಲ್ಲಿ ಹೇಳುವುದು ಶಾರ್, ಅರ್ಥ ಗೊಬ್ಬರ. ಮನೆಗೆ ನಡೆಯುತ್ತಾ ಹೊಳೆಯಿತು, ನಾವೂ ನೆಲದ ಸಾರ ಎನ್ನುತ್ತೇವೆ, ಸಾರ ಹೋದ ಮಣ್ಣು ಎನ್ನುತ್ತೇವೆ. ಅಷ್ಟೇನೂ ದೂರದ ಪದವಲ್ಲ.

ನಮ್ಮ ‘ಎರೆ’ಯೂ ಸ್ವಾರಸ್ಯದ ಪದವೇ. ಬಯಲುಸೀಮೆಯಲ್ಲಿ ಎರೆ ಎಂದರೆ ಕಪ್ಪು ಮಣ್ಣು. ಗಾಳಕ್ಕೆ ಸಿಕ್ಕಿಸುವ ತಿಂಡಿಯೂ ಎರೆಯೇ. ಮಣ್ಣು ಮತ್ತು ಆಹಾರ ಎರಡನ್ನೂ ಹೆಸರಲ್ಲೇ ಹೊತ್ತ ಈ ಹುಳುವಿನ ಹಿಕ್ಕೆ ಇವತ್ತು ಕಿಲೋ ಲೆಕ್ಕದಲ್ಲಿ, ಫೋನಿನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೆ ಬರುತ್ತದೆ. ಚೀಲದ ಮೇಲಿನ ಬರಹ ನೋಡಿದರೆ ಇದೇನೋ ಮೊನ್ನೆ ಮೊನ್ನೆ ಕಂಡುಹಿಡಿದ ಸಂಗತಿ ಅನಿಸಬೇಕು. ಆದರೆ ಈ ಹಿಕ್ಕೆಯನ್ನು ಮೊದಲು ತಕ್ಕಡಿಗೆ ಹಾಕಿ ತೂಗಿದವರ ಕಥೆಯ ಒಂದು ಎಳೆ ನಾನಿರುವ ಜಾಗಕ್ಕೆ ಎದುರಾಗಿ, ನದಿಯ ಆಚೆ ದಡದಲ್ಲಿದೆ.

ಗಾರ್ಡನ್ ರೀಚ್ ಕಡೆಯ ದಡದಲ್ಲಿ ನಿಂತರೆ ಹೂಗ್ಲಿಯ ಆಚೆ ಶಿಬ್‌ಪುರದ ಸಸ್ಯೋದ್ಯಾನದ ಮರಗಳು ಕಾಣುತ್ತವೆ. ಈಗ ಅದಕ್ಕೆ ಜಗದೀಶಚಂದ್ರ ಬೋಸರ ಹೆಸರು. ಅದನ್ನು 1787ರಲ್ಲಿ ಕಟ್ಟಿದವನು ಕಂಪನಿಯ ಸೈನ್ಯಾಧಿಕಾರಿ ರಾಬರ್ಟ್ ಕಿಡ್. ಬರಗಾಲದಲ್ಲಿ ಜನ ಸಾಯುವುದನ್ನು ಕಂಡು, ಮಳೆ ಕೈಕೊಟ್ಟಾಗಲೂ ಹೊಟ್ಟೆಗೆ ಒದಗುವ ಸಾಬುದಾನಿ, ಖರ್ಜೂರದಂಥ ಗಿಡಗಳನ್ನು ತಂದು ಬೆಳೆಸಬೇಕೆಂದು ಅವನು ಹಿಂದಿನ ವರ್ಷ ಕಂಪನಿಗೆ ಬರೆದಿದ್ದ. ಖಿದಿರ್‌ಪುರ ಎಂಬ ಹೆಸರು ಬಂದದ್ದು ಕಿಡ್ ಮನೆತನದಿಂದ ಎನ್ನುವವರಿದ್ದಾರೆ. ಇಲ್ಲಿನ ಮುಸ್ಲಿಂ ಹಿರಿಯರನ್ನು ಕೇಳಿದರೆ ನೀರಿನ ದಾರಿ ಕಾಯುವ ಖ್ವಾಜಾ ಖಿಜ್ರ್ ಅವರ ಹೆಸರು ಹೇಳುತ್ತಾರೆ. ಬಂದರಿನ ಊರಿಗೆ ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ.

1864ರ ಅಕ್ಟೋಬರಿನ ಚಂಡಮಾರುತ ಆ ತೋಟದ ಬಹುಪಾಲು ದೊಡ್ಡ ಮರಗಳನ್ನು ಉರುಳಿಸಿತು. ಅದೇ ವರ್ಷ ಇಂಡಿಯಾಕ್ಕೆ ಹಡಗು ಹತ್ತಿದ್ದ ಜಾನ್ ಸ್ಕಾಟ್ ಎಂಬ ತರುಣ ಡಾರ್ಜಿಲಿಂಗಿನ ಸಿಂಕೋನಾ ತೋಟದಲ್ಲಿ ಸ್ವಲ್ಪ ಕಾಲ ದುಡಿದು ಇಲ್ಲಿಗೆ ಕ್ಯುರೇಟರ್ ಆಗಿ ಬಂದ. ಈ ಸ್ಕಾಟ್ ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಸಸಿ ಎಬ್ಬಿಸುವ ವಿಭಾಗ ನೋಡಿಕೊಳ್ಳುತ್ತಿದ್ದ ಸಾಮಾನ್ಯ ತೋಟಗಾರ. 1862ರಲ್ಲಿ ಚಾರ್ಲ್ಸ್ ಡಾರ್ವಿನ್‌ಗೆ ಕಾಗದ ಬರೆದು, ಆರ್ಕಿಡ್ ಪುಸ್ತಕದಲ್ಲಿ ನೀವು ಒಂದು ಗಿಡದ ವಿಷಯದಲ್ಲಿ ತಪ್ಪಿದ್ದೀರಿ ಎಂದು ತೋರಿಸಿಕೊಟ್ಟ. ದೊಡ್ಡವರು ಸಿಟ್ಟಾಗಲಿಲ್ಲ, ಗೆಳೆತನ ಬೆಳೆಸಿದರು. ಎಡಿನ್‌ಬರೋದ ಮೇಲಧಿಕಾರಿಗಳೊಂದಿಗೆ ಸ್ಕಾಟ್‌ಗೆ ಮನಸ್ತಾಪವಾಗಿ ಕೆಲಸ ಬಿಟ್ಟಾಗ ಇಂಡಿಯಾಕ್ಕೆ ಬರುವ ಹಡಗಿನ ಖರ್ಚು ಕೊಟ್ಟದ್ದು ಡಾರ್ವಿನ್. ಓದಿದ್ದಕ್ಕೆ ತಕ್ಕ ಕೆಲಸ ಊರಲ್ಲಿ ಸಿಗದೆ ಕಲಕತ್ತೆಗೆ ಬಂದವರ ಪಟ್ಟಿ ಉದ್ದವಿದೆ. ಅದರಲ್ಲಿ ಅವನಿಗೂ ಒಂದು ಜಾಗವಿರಲಿ.

ಡಾರ್ವಿನ್‌ಗೆ ಎರೆಹುಳುವಿನ ಹುಚ್ಚು ಹಿಡಿದದ್ದು ಬಹಳ ಹಿಂದೆ. 1837ರಲ್ಲೇ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಈ ಬಗ್ಗೆ ಪ್ರಬಂಧ ಓದಿದ್ದರು. ಆಮೇಲೆ ನಲವತ್ತು ವರ್ಷ ಬೇರೆ ಬೇರೆ ಕೆಲಸದ ನಡುವೆ ಹುಳುಗಳನ್ನು ಕುಂಡದಲ್ಲಿ ಸಾಕಿ, ರಾತ್ರಿ ದೀಪ ಹಿಡಿದು ನೋಡಿ, ಮಗನಿಂದ ಅವುಗಳ ಮುಂದೆ ಬಸೂನ್ ವಾದ್ಯ ಊದಿಸಿ, ಕೊನೆಗೆ 1881ರ ಅಕ್ಟೋಬರಿನಲ್ಲಿ ಪುಸ್ತಕ ತಂದರು. ಅದೇ ಅವರ ಕಡೆಯ ಪುಸ್ತಕ, ಆರು ತಿಂಗಳಿಗೆ ತೀರಿಕೊಂಡರು. ಇಂಗ್ಲೆಂಡಿನ ಅನೇಕ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಒಣ ಮಣ್ಣು ಹುಳುಗಳ ಮೈ ಮೂಲಕ ಹಾದು ಮೇಲೆ ಬರುತ್ತದೆ ಎಂಬುದು ಅದರ ಪ್ರಸಿದ್ಧ ಲೆಕ್ಕ. ಅದುವರೆಗೆ ಹುಳುವೆಂದರೆ ಹುಲ್ಲುಹಾಸು ಕೆಡಿಸುವ ಪೀಡೆ ಎಂದೇ ತೋಟಗಾರರ ನಂಬಿಕೆ.

ಇದು ಬರೀ ಇಂಗ್ಲೆಂಡಿನ ಸಂಗತಿಯೋ ಲೋಕಕ್ಕೆಲ್ಲ ಸಲ್ಲುವುದೋ ಎಂದು ತಿಳಿಯಲು ಅವರು ಕಲಕತ್ತೆಯನ್ನು ಕೇಳಿದರು. ಹುಳುಗಳ ವಿಷಯ ತಿಳಿಸಿದವರಲ್ಲಿ ಸ್ಕಾಟ್ ಒಬ್ಬ. 1871ರಿಂದ ತೋಟದ ಸೂಪರಿಂಟೆಂಡೆಂಟ್ ಆಗಿದ್ದ ಡಾಕ್ಟರ್ ಜಾರ್ಜ್ ಕಿಂಗ್ ಇನ್ನೊಬ್ಬರು. ಕಿಂಗ್ ಹಿಕ್ಕೆಗಳನ್ನೇ ಹುಷಾರಾಗಿ ಕಟ್ಟಿ ಕಳಿಸಿದರು. ಪುಸ್ತಕದಲ್ಲಿ ಅದರದೊಂದು ಚಿತ್ರವಿದೆ, ಕಲಕತ್ತೆಯ ಸಸ್ಯೋದ್ಯಾನದ್ದು ಎಂಬ ಒಕ್ಕಣೆಯೊಂದಿಗೆ. ಫೋಟೋ ನೋಡಿ ಕೆತ್ತಿದ್ದು, ನಿಜವಾದ ಅಳತೆಯದು. ಚಕ್ಕುಲಿಯನ್ನು ಸುತ್ತಿ ಸುತ್ತಿ ಮೇಲಕ್ಕೇರಿಸಿದಂಥ ಪುಟ್ಟ ಗೋಪುರ. ಮಳೆಗಾಲದಲ್ಲಿ ಇಲ್ಲಿನ ಯಾವ ಮೈದಾನದಲ್ಲಾದರೂ ನೋಡಬಹುದು. ಡಾರ್ವಿನ್ ತೂಗಿದ ದೊಡ್ಡ ಗೋಪುರಗಳು ಸರಾಸರಿ 35 ಗ್ರಾಂ ಬಂದವು, ಒಂದು 44.8 ಗ್ರಾಂ. ಒಂದೆರಡು ರಾತ್ರಿಯಲ್ಲಿ ಒಂದು ಹುಳು ಎತ್ತಿ ಹಾಕಿದ ಮಣ್ಣು ಅದು. ಕಿಂಗ್ ನೀಲಗಿರಿಯಿಂದಲೂ ಕಳಿಸಿದ್ದರು. ಅಲ್ಲಿನ ಒಂದು ಹಿಕ್ಕೆ ಕಾಲು ಪೌಂಡಿಗೂ ಹೆಚ್ಚು ತೂಗಿತು. ನಮ್ಮ ಗುಂಡ್ಲುಪೇಟೆಯಿಂದ ಘಾಟಿ ಹತ್ತಿದರೆ ಸಿಗುವ ನೆಲ ಅದು.

ಪುಸ್ತಕ ಬರುವ ಹಿಂದಿನ ವರ್ಷವೇ ಸ್ಕಾಟ್ ತೀರಿಕೊಂಡಿದ್ದ. ಅವನ ಹೆಸರಾದರೂ ಉಳಿದಿದೆ. ಬೆಳಗಿನ ಜಾವ ಮಳೆಗೆ ಕರಗುವ ಮೊದಲೇ ಬಗ್ಗಿ ಆ ಹಿಕ್ಕೆಗಳನ್ನು ಮುರಿಯದಂತೆ ಎತ್ತಿದವರು ಯಾರು? ಸಾಹೇಬರೇ ಎತ್ತಿದರು ಎಂದು ನನಗಂತೂ ಅನಿಸುವುದಿಲ್ಲ. ಆ ತೋಟದಲ್ಲಿ ಮಾಲಿಗಳಿದ್ದರು, ಯಾವ ಹುಳು ಎಲ್ಲಿ ಏಳುತ್ತದೆ ಎಂದು ಬಲ್ಲವರು ಅವರೇ. ಇದು ನನ್ನ ಊಹೆ ಅಷ್ಟೆ.

ಇನ್ನು ಈಚೆ ದಡ. ಖಿದಿರ್‌ಪುರದ ಹಡಗುಕಟ್ಟೆಗಳು ಶುರುವಾದದ್ದು 1892ರಲ್ಲಿ. ಮರುವರ್ಷ ಜಾನ್ ಅಗಸ್ಟಸ್ ವೋಲ್ಕರ್ ಎಂಬ ಇಂಗ್ಲಿಷ್ ಕೃಷಿ ರಸಾಯನತಜ್ಞನ ವರದಿ ಅಚ್ಚಾಯಿತು. ಇಂಡಿಯಾದ ಬೇಸಾಯ ಸುಧಾರಿಸಲು ಸರ್ಕಾರ ಕರೆಸಿದ್ದವನು. ಸುತ್ತಾಡಿ ನೋಡಿ, ಇಲ್ಲಿನ ರೈತ ಇಂಗ್ಲೆಂಡಿನ ಸಾಧಾರಣ ರೈತನಿಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ ಎಂದು ಬರೆದ. ಸೌದೆಯಿಲ್ಲದೆ ಸಗಣಿ ಒಲೆಗೆ ಹೋಗುತ್ತಿದೆ, ಎಣ್ಣೆಕಾಳು ಮತ್ತು ಮೂಳೆ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿವೆ, ಹೊಲಕ್ಕೆ ಮರಳಬೇಕಾದದ್ದು ಮರಳುತ್ತಿಲ್ಲ ಎಂಬುದು ಅವನ ಚಿಂತೆ. ಎಣ್ಣೆಕಾಳು ಹೋದರೆ ಹಿಂಡಿಯೂ ಹೋದಂತೆ. ನಮ್ಮಲ್ಲಿ ಹೊಂಗೆ ಹಿಂಡಿ, ಬೇವಿನ ಹಿಂಡಿ, ಹರಳಿನ ಹಿಂಡಿ ಇಲ್ಲದೆ ತೋಟವಿಲ್ಲ. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟಿದ್ದರು ಎಂದರೆ ಗೊಬ್ಬರದ ಬೆಲೆ ಗೊತ್ತಾಗುತ್ತದೆ. ಆಚೆ ದಡದಲ್ಲಿ ಹುಳು ಮಣ್ಣನ್ನು ಗ್ರಾಂ ಲೆಕ್ಕದಲ್ಲಿ ಮೇಲೆತ್ತುತ್ತಿದ್ದರೆ ಈಚೆ ದಡದಲ್ಲಿ ಮಣ್ಣಿನ ಸಾರ ಟನ್ ಲೆಕ್ಕದಲ್ಲಿ ಹಡಗು ಹತ್ತುತ್ತಿತ್ತು.

ಹೋದದ್ದೆಲ್ಲ ಹೋಗಲಿಲ್ಲ ಅನ್ನಿ. ಊರಿನ ಪೂರ್ವಕ್ಕೆ ಧಾಪಾ ಇದೆ. 1880ರ ಆಸುಪಾಸಿನಲ್ಲಿ ಭವನಾಥ ಸೇನ್ ಎಂಬುವರು ಕಸ ಸುರಿಯುವ ಆ ಜಾಗವನ್ನು ಗುತ್ತಿಗೆ ಹಿಡಿದು, ಕಸದ ಮೇಲೆಯೇ ತರಕಾರಿ ಬೆಳೆಸಲು ತೊಡಗಿದರು. ಹೂಕೋಸು, ಬದನೆ, ಸೊಪ್ಪು, ಜೋಳ. ಪಕ್ಕದ ಭೇರಿಗಳಲ್ಲಿ ಊರಿನ ಚರಂಡಿ ನೀರು ಕುಡಿದು ಮೀನು ಬೆಳೆದವು. ಈ 12,500 ಹೆಕ್ಟೇರ್ ಒದ್ದೆನೆಲದ ಬೆಲೆಯನ್ನು ಲೋಕಕ್ಕೆ ತಿಳಿಸಲು ಧ್ರುವಜ್ಯೋತಿ ಘೋಷ್ ಆಯುಷ್ಯವನ್ನೇ ಸವೆಸಿದರು. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಪ್ಲಾಸ್ಟಿಕ್ಕು, ಬ್ಯಾಟರಿ ಬೆರೆಯದ ಕಾಲದ ಕಸ ಬೇರೆ, ಈಗಿನದು ಬೇರೆ. ಧಾಪಾದ ಹೂಕೋಸು ಕೊಳ್ಳುವಾಗ ಈಗ ಕೈ ತುಸು ಹಿಂಜರಿಯುತ್ತದೆ.

ಕಸದಿಂದ ಗೊಬ್ಬರ ಮಾಡುವುದಕ್ಕೆ ಕ್ರಮಬದ್ಧ ದಾರಿ ಹಾಕಿದವರಲ್ಲಿ ಆಲ್ಬರ್ಟ್ ಹೊವಾರ್ಡ್ ಹೆಸರು ಎಲ್ಲರಿಗೂ ಗೊತ್ತು. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಕಸಕಡ್ಡಿ ಮತ್ತು ಸಗಣಿಯನ್ನು ಪದರ ಹಾಕಿ, ಆಗಾಗ ಮಗುಚಿ ಕಳಿಸುವ ಇಂದೋರ್ ಪದ್ಧತಿಯನ್ನು ರೂಪಿಸಿದರು. ಬೆಂಗಳೂರು ಪದ್ಧತಿ ಎಂಬುದೊಂದಿದೆ ಎಂದು ಬೆಂಗಳೂರಿನವರಿಗೇ ಗೊತ್ತಿರುವುದಿಲ್ಲ. 1939ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ್ದು. ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ತಿಂಗಳುಗಟ್ಟಲೆ ಬಿಡುವುದು. ಕೂಲಿ ಉಳಿಯುತ್ತದೆ, ಹೊತ್ತು ಹೆಚ್ಚು ಬೇಕು.

ಎರೆಹುಳು ಮತ್ತೆ ಕಥೆಗೆ ಬರುವುದೂ ಬೆಂಗಳೂರಿನಲ್ಲೇ. ಕೃಷಿ ವಿಶ್ವವಿದ್ಯಾನಿಲಯದ ರಾಧಾ ಕಾಳೆ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಸಾವಯವ ಕಸ ಕರಗಿಸಲು ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಎಂಬ ನಮ್ಮದೇ ನೆಲದ ಹುಳು ಹೇಗೆ ಒದಗುತ್ತದೆ ಎಂದು ಪರೀಕ್ಷಿಸಿತು. ಆಮೇಲೆ ಎರೆಗೊಬ್ಬರ ತೊಟ್ಟಿಗಳು ಹಳ್ಳಿ ಹಳ್ಳಿಗೆ ಹೋದವು. ಆದರೆ ಬಹಳ ಕಡೆ ತೊಟ್ಟಿಯಲ್ಲಿ ಕೆಲಸಕ್ಕೆ ನಿಂತದ್ದು ಹೊರಗಿನವು: ಆಫ್ರಿಕಾದ ಯೂಡ್ರಿಲಸ್ ಮತ್ತು ಯೂರೋಪಿನ ಕೆಂಪು ಹುಳು ಐಸೀನಿಯ. ಬೇಗ ತಿನ್ನುತ್ತವೆ, ಬೇಗ ಹೆಚ್ಚುತ್ತವೆ.

ಇಲ್ಲೊಂದು ಗೊಂದಲ ಉಳಿದುಕೊಂಡಿದೆ. ಕಿಂಗ್ ಕಳಿಸಿದ ಗೋಪುರಗಳನ್ನು ಕಟ್ಟಿದ್ದು ಪೆರಿಕೀಟ ಎಂಬ ಬಳಗದ ಹುಳು ಎಂದು ಡಾರ್ವಿನ್ ಬಗೆದಿದ್ದರು. ಕಾಲೇಜಿನ ಮೇಣದ ತಟ್ಟೆಯಲ್ಲಿ ಗುಂಡುಸೂಜಿ ಚುಚ್ಚಿ ನಾವು ಸೀಳಿದ ಫೆರಿಟಿಮ ಅದೇ ಬಳಗದ್ದು. ಅದು ಮಣ್ಣು ತಿನ್ನುವ, ಮಣ್ಣಿನೊಳಗೆ ಬಿಲ ಕೊರೆಯುವ ಹುಳು. ತೊಟ್ಟಿಯ ಹುಳು ನೆಲದೊಳಗೆ ಇಳಿಯುವುದಿಲ್ಲ, ಮೇಲಿನ ಕೊಳೆತ ಎಲೆ ಸಗಣಿಯಲ್ಲೇ ಅದರ ಸಂಸಾರ. ಚೀಲದ ಗೊಬ್ಬರ ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ‘ರೈತನ ಮಿತ್ರ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಉಳುವ ಹುಳುವನ್ನು ಕುರಿತು. ಗೊಬ್ಬರವನ್ನು ಕೊಂಡು ತರಬಹುದು, ಉಳುಮೆಯನ್ನು ಚೀಲದಲ್ಲಿ ತರಲಾಗದು. ಕೀಟನಾಶಕದಿಂದ ಹೊಲದ ಹುಳು ಸತ್ತರೂ ಪರವಾಗಿಲ್ಲ, ತೊಟ್ಟಿಯದು ಇದೆಯಲ್ಲ ಎಂದುಕೊಂಡವರನ್ನು ನಮ್ಮೂರಲ್ಲೇ ಕಂಡಿದ್ದೇನೆ.

ಮೇಲಿನ ಮನೆಯ ಮಾಸಿಮಾಗೆ ಚೀಲದ ಗೊಬ್ಬರದಲ್ಲಿ ನಂಬಿಕೆಯಿಲ್ಲ. ಸಾಸಿವೆ ಹಿಂಡಿಯನ್ನು, ಅವರ ಮಾತಿನಲ್ಲಿ ಖೋಲ್, ಬಕೆಟ್ಟಿನಲ್ಲಿ ವಾರಗಟ್ಟಲೆ ನೆನೆಸಿ, ತಿಳಿಯನ್ನು ನೀರಿಗೆ ಬೆರೆಸಿ ಸೇವಂತಿಗೆಗೆ ಉಣಿಸುತ್ತಾರೆ. ಮಹಡಿಯೆಲ್ಲ ನಾರುತ್ತದೆ. ಚಳಿಗಾಲದಲ್ಲಿ ಹೂವು ಮಾತ್ರ ಅಂಗೈಯಗಲ. ಈ ಊರಿನ ತಾರಸಿಗಳ ಹಳೆಯ ವಿದ್ಯೆ ಇದು. ಪಕ್ಕದ ಅಲಿಪುರದಲ್ಲಿ ವಿಲಿಯಂ ಕೇರಿ 1820ರಲ್ಲಿ ಹುಟ್ಟುಹಾಕಿದ ಕೃಷಿ ತೋಟಗಾರಿಕೆ ಸಂಘದ ಹೂವಿನ ಪ್ರದರ್ಶನಕ್ಕೆ ಹೋದರೆ ಇಂಥ ಅನೇಕ ಬಕೆಟ್ಟುಗಳ ಫಲ ಸಾಲಾಗಿ ನಿಂತಿರುತ್ತದೆ.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಶಿಬ್‌ಪುರಕ್ಕೆ ಹೋಗಿದ್ದೆ. ರಾತ್ರಿಯಿಡೀ ಮಳೆ ಸುರಿದಿತ್ತು. ದಾರಿಯ ಪಕ್ಕದ ಹುಲ್ಲಿನಲ್ಲಿ ಅವೇ ಗೋಪುರಗಳು, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ. ಬಗ್ಗಿ ನೋಡುತ್ತಿದ್ದೆ. ಕಸ ಗುಡಿಸುತ್ತಾ ಬಂದವನೊಬ್ಬ ಪೊರಕೆಯನ್ನು ತಡೆದು, ಏನಾದರೂ ಬಿದ್ದುಹೋಯಿತೇ ದಾದಾ ಎಂದು ಕೇಳಿದ. ಕೇಂಚೋ ಎಂದು ಕೈ ತೋರಿಸಿದೆ. ಅವನು ತಲೆಯಾಡಿಸಿ, ನಾಳೆ ಮತ್ತೆ ಬರುತ್ತವೆ ಎಂದು ಹೇಳಿ ದಾರಿಗೆ ಚಾಚಿಕೊಂಡಿದ್ದ ನಾಲ್ಕೈದನ್ನು ಹುಲ್ಲಿನ ಕಡೆಗೆ ಗುಡಿಸಿ ಮುಂದೆ ಹೋದ.