ಕಡಲ ತಳದ ವೀರಗಲ್ಲು

ಹೊಸಪೇಟೆಗೆ ಬಂದ ನೆಂಟರನ್ನು ಹಂಪಿಗೆ ಕರೆದೊಯ್ಯುವಾಗ ನಾನು ಅವರನ್ನು ಕಮಲಾಪುರದ ವಸ್ತುಸಂಗ್ರಹಾಲಯದ ವೀರಗಲ್ಲುಗಳ ಮುಂದೆ ತಪ್ಪದೆ ನಿಲ್ಲಿಸುತ್ತೇನೆ. ಕಂಪ್ಲಿಯ ಕುಮಾರರಾಮನಿಗೆ ಕಾವ್ಯಗಳುಂಟು. ಹೆಸರುಳಿಯದ ಕಾಲಾಳಿಗೆ ಇಂಥ ಕಲ್ಲೇ ಕಾವ್ಯ. ವೀರಗಲ್ಲಿನ ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ.

ನೆಲದ ಮೇಲೆ ಬಿದ್ದವನಿಗೆ ಕಲ್ಲಾಯಿತು. ಕಡಲಲ್ಲಿ ಮುಳುಗಿದವನಿಗೆ? ಮುಂಬಯಿಯ ಬೋರಿವಲಿ ಬಳಿಯ ಏಕ್ಸರದ ವೀರಗಲ್ಲುಗಳಲ್ಲಿ ಹುಟ್ಟುಹಾಕುವ ಯುದ್ಧನೌಕೆಗಳ ಸಾಲನ್ನೇ ಕೆತ್ತಿದ್ದಾರೆ. ಕಡಲಿನ ಸಾವನ್ನೂ ಹಿರಿಯರು ಮರೆಯಲಿಲ್ಲ.

1971ರ ಡಿಸೆಂಬರ್ 9ರ ರಾತ್ರಿ, ದೀವ್ ಕರಾವಳಿಯಾಚೆ, ನಮ್ಮ ‘ಖುಕ್ರಿ’ ಯುದ್ಧನೌಕೆ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಡನೆಯೇ ಜಲಸಮಾಧಿಯಾದರು. ದೀವ್‌ನ ದಡದಲ್ಲಿ ಅವರೆಲ್ಲರ ಸ್ಮಾರಕವಿದೆ. ದೇಹ ದೊರೆಯದ ಮನೆಯವರಿಗೆ, ನಿಂತು ಕೈಮುಗಿಯಲು ಒಂದು ಎಡೆ ಬೇಕಲ್ಲವೆ?

ಅದೇ ಯುದ್ಧದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ವಿಶಾಖಪಟ್ಟಣದ ಬಳಿ ಮುಳುಗಿ, ಅದರಲ್ಲಿದ್ದವರೆಲ್ಲರೂ ಮಡಿದಿದ್ದರು. ನಮ್ಮ ನೌಕಾಪಡೆ ಆಳಸಮುದ್ರದ ರಕ್ಷಣಾ ವಾಹನವನ್ನಿಳಿಸಿ ಅದರ ಅವಶೇಷವನ್ನು ಮತ್ತೆ ಗುರುತಿಸಿದ ಸುದ್ದಿ 2024ರಲ್ಲಿ ಬಂದಿತು. ಸುಮಾರು 100 ಮೀಟರ್ ಆಳದಲ್ಲಿ ಅದು ಮಲಗಿತ್ತು. ಮಡಿದವರ ಗೌರವಾರ್ಥ ಅದನ್ನು ಮುಟ್ಟದೆ ಬಿಟ್ಟರು.

ಅದು ಹಗೆಯ ಹಡಗು. ಆದರೂ ಒಳಗಿದ್ದವರು ಯಾರದೋ ಮನೆಯ ಮಕ್ಕಳು. ಹುಡುಕಿದ್ದು ಎತ್ತಿ ತರುವುದಕ್ಕಲ್ಲ, ಇಲ್ಲಿದ್ದಾರೆ ಎಂದು ಅರಿಯುವುದಕ್ಕೆ. ಕಮಲಾಪುರದ ಕಲ್ಲುಗಳ ಮುಂದೆ ನಿಂತಾಗ ಈಗ ನನಗೆ ಆ ನೀರೂ ನೆನಪಾಗುತ್ತದೆ. ಅಲ್ಲಿ ಮುಳುಗಿದ ಹಡಗೇ ವೀರಗಲ್ಲು.